ಆರೋಪಿಗೆ ಬಾಗಿಲು ಹಾಕಬಹುದಾ?

ನಮಸ್ಕಾರ. ನನಗಿಂತ ಮೊದಲು ಮಾತಾಡಿದವರು, "ನನ್ನ ವ್ಯಾಪಾರ, ನನ್ನಿಷ್ಟ. ಕೇಸು ಬಿದ್ದವನಿಗೆ ನಾನ್ಯಾಕೆ ಸೇವೆ ಕೊಡಬೇಕು?" ಅಂದರು. ನೀವೆಲ್ಲ ಚಪ್ಪಾಳೆ ಹೊಡೆದಿರಿ. ಹಾಗಾಗಿ ಬರೆದು ತಂದ ಮೊದಲ ಪುಟ ಪಕ್ಕಕ್ಕಿಟ್ಟು ಇಲ್ಲಿಂದಲೇ ಶುರು ಮಾಡುತ್ತೇನೆ.

ಕಾನೂನು ನೋಡಿದರೆ ಅವರ ಮಾತು ಪೂರ್ತಿ ತಪ್ಪಲ್ಲ. ಸಂವಿಧಾನದ 15(2)ನೇ ವಿಧಿ ಇದೆಯಲ್ಲ, ಅಂಗಡಿ, ಹೋಟೆಲ್‌ಗಳಿಗೆ ಬರುವವರನ್ನು ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಜಾಗ ನೋಡಿ ತಡೆಯಬಾರದು ಅನ್ನುತ್ತದೆ. ಆ ಪಟ್ಟಿಯಲ್ಲಿ ಆರೋಪಿ ಇಲ್ಲ. ಆದರೆ ಪಟ್ಟಿಯಲ್ಲಿಲ್ಲ ಅಂದ ಮಾತ್ರಕ್ಕೆ ಮಾಡಿದ್ದೆಲ್ಲ ಸರಿಯಾಗಿಬಿಡುತ್ತದಾ? ಆರೋಪ ಅಂದರೆ ಒಬ್ಬರು ಇನ್ನೊಬ್ಬರ ಮೇಲೆ ಹೊರಿಸಿದ್ದು, ಅಷ್ಟೇ. ನಿಜವೋ ಸುಳ್ಳೋ ನೋಡೋಕೆ ಕೋರ್ಟ್ ಇದೆ. ಕೌಂಟರ್ ಹಿಂದೆ ಕೂತವರ ಹತ್ತಿರ ಸಾಕ್ಷಿಯೂ ಇಲ್ಲ, ಪಾಟೀಸವಾಲೂ ಇಲ್ಲ, ತೀರ್ಪು ಮಾತ್ರ ರೆಡಿ.

ಗುಟ್ಟಿನ ದಾಖಲೆಗಳನ್ನು ಬಯಲು ಮಾಡೋ ವಿಕಿಲೀಕ್ಸ್ ಅನ್ನೋ ಸಂಸ್ಥೆಯ ಕತೆ ಹೇಳುತ್ತೇನೆ. ಮೊದಲೇ ನನ್ನ ಬಾಯಿಂದ ಕೇಳಿದವರು ಸ್ವಲ್ಪ ಸಹಿಸಿಕೊಳ್ಳಿ. 2010ರ ನವೆಂಬರ್ ಕೊನೆಗೆ ಅವರು ಅಮೆರಿಕದ ರಾಯಭಾರ ಕಚೇರಿಗಳ ಪತ್ರಗಳನ್ನು ಹೊರಗೆ ಹಾಕಿದರು. ಡಿಸೆಂಬರ್ ಮೊದಲ ವಾರದಲ್ಲೇ ಅಮೆಜಾನ್ ಅವರನ್ನು ತನ್ನ ಸರ್ವರ್‌ನಿಂದ ಹೊರಹಾಕಿತು. ಪೇಪಾಲ್, ಮಾಸ್ಟರ್‌ಕಾರ್ಡ್, ವೀಸಾ ಒಂದರ ಹಿಂದೆ ಒಂದು ದೇಣಿಗೆಯ ದಾರಿ ಮುಚ್ಚಿದವು. ಆ ಪ್ರಕಟಣೆಗಾಗಿ ಆಗಿನ್ನೂ ಅವರ ಮೇಲೆ ಯಾವ ಕೋರ್ಟಲ್ಲೂ ಆರೋಪಪಟ್ಟಿ ಇರಲಿಲ್ಲ! ವಿಕಿಲೀಕ್ಸ್ ಮಾಡಿದ್ದು ಸರಿಯಾ ಅಂತ ನಾನು ಕೇಳುತ್ತಿಲ್ಲ, ನನಗೂ ಅದರಲ್ಲಿ ತಕರಾರಿದೆ. ಅದು ಬೇರೆ ದಿನದ ಜಗಳ. ಮುಂದೆ ಕೇಳಿ. ಐಸ್‌ಲ್ಯಾಂಡ್‌ನಲ್ಲಿ ಅವರಿಗಾಗಿ ದೇಣಿಗೆ ಪಡೆಯುತ್ತಿದ್ದ ಡೇಟಾಸೆಲ್ ಅನ್ನೋ ಕಂಪನಿ, ಆ ದಾರಿ ಮುಚ್ಚಿದ ಅಲ್ಲಿನ ವೀಸಾ ಪಾಲುದಾರ ವ್ಯಾಲಿಟರ್ ಮೇಲೆ ಕೇಸು ಹಾಕಿತು. 2013ರ ಏಪ್ರಿಲ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಒಪ್ಪಂದ ಮುರಿದಿದ್ದು ತಪ್ಪು, 15 ದಿನದಲ್ಲಿ ದಾರಿ ತೆರೆಯಿರಿ, ಇಲ್ಲಾಂದ್ರೆ ದಿನಕ್ಕೆ 8 ಲಕ್ಷ ಕ್ರೋನಾ ದಂಡ ಅಂದಿತು. ಗೆದ್ದಿದ್ದು ಬರೀ ಒಪ್ಪಂದದ ಮೇಲೆ ನೋಡಿ. ಒಪ್ಪಂದವನ್ನೇ ಬೇರೆ ಥರ ಬರೆದಿದ್ದರೆ?

ಒಬ್ಬ ವ್ಯಾಪಾರಿ ಇಲ್ಲ ಅಂದರೆ ಇನ್ನೊಬ್ಬನ ಹತ್ತಿರ ಹೋಗಬಹುದು. ಬ್ಯಾಂಕು, ಕಾರ್ಡು, ಫೋನು ಎಲ್ಲ ಸೇರಿ ಇಲ್ಲ ಅಂದರೆ ಅದು ಶಿಕ್ಷೆಯೇ. ಕೋರ್ಟ್ ಜಾಮೀನು ಕೊಡುವಾಗ ವಿಳಾಸ ಕೇಳುತ್ತದೆ, ಕೇಸು ಇದೆ ಅಂತ ಮನೆ ಬಾಡಿಗೆಗೆ ಕೊಡೋರಿಲ್ಲ. ಅವನು ಯಾವ ವಿಳಾಸ ಕೊಡಬೇಕು?

ಹಾಗಂತ ಎಲ್ಲವನ್ನೂ ಸಹಿಸಿಕೊಳ್ಳಿ ಅನ್ನುತ್ತಿಲ್ಲ. ನಿಮ್ಮ ಜಾಗದಲ್ಲೇ ಗಲಾಟೆ ಮಾಡಿದವನನ್ನು ಹೊರಗೆ ಕಳಿಸಿ, ನಿಮ್ಮ ಸೇವೆಯಿಂದಲೇ ಮೋಸ ನಡೆಯುತ್ತಿದ್ದರೆ ನಿಲ್ಲಿಸಿ. ವಿಮಾನದವರಿಗೆ 2017ರಲ್ಲಿ ಬಂದ ನಿಯಮ ನನಗಿಷ್ಟ. ಪ್ರಯಾಣಿಕ ಗಲಾಟೆ ಮಾಡಿದರೆ ನಿಷೇಧ ಹೇರಬಹುದು, ಆದರೆ ನಿವೃತ್ತ ಜಿಲ್ಲಾ ನ್ಯಾಯಾಧೀಶರಿರುವ ಸಮಿತಿ 30 ದಿನದಲ್ಲಿ ತೀರ್ಮಾನಿಸಬೇಕು ಅಂತ ಆಗ ಬರೆದಿದ್ದರು. ಕೋರ್ಟ್‌ನಷ್ಟು ಅಲ್ಲದಿದ್ದರೂ ಇಲ್ಲಿ ಕೇಳೋಕೆ ಒಂದು ಕಿವಿಯಾದರೂ ಇದೆ, ಪಾಟೀಸವಾಲಿನ ಚಿಕ್ಕ ತಮ್ಮ ಅನ್ನಿ.

ಚೀಟಿ ಬಂತು, ಐದು ನಿಮಿಷವಂತೆ. ಅಂದರೆ ಎರಡು. ಡಾಕ್ಟರು, ವಕೀಲರ ವಿಚಾರ ಬೇಗ ಹೇಳಿಬಿಡುತ್ತೇನೆ. 1989ರ ಪರಮಾನಂದ ಕಟಾರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಗಾಯಗೊಂಡವನು ನಿರಪರಾಧಿಯೋ ಅಪರಾಧಿಯೋ, ಜೀವ ಉಳಿಸೋದು ಡಾಕ್ಟರ ಕರ್ತವ್ಯ ಅಂದಿತು. ಆರೋಪಿ ಪರ ವಾದಿಸಲ್ಲ ಅನ್ನೋ ವಕೀಲರ ಸಂಘಗಳ ನಿರ್ಣಯಗಳಿಗೆ ಬೆಲೆಯಿಲ್ಲ ಅಂತ 2010ರಲ್ಲಿ ಮೊಹಮ್ಮದ್ ರಫಿ ಪ್ರಕರಣದಲ್ಲಿ ಹೇಳಿತು. ಬ್ಯಾಂಕಿಗೆ ಇಂಥದ್ದೇ ಹೊಣೆ ಯಾಕಿರಬಾರದು ಅನ್ನೋದಕ್ಕೆ ಎರಡು ಪುಟ ಬರೆದು ತಂದಿದ್ದೆ, ಹೋಗಲಿ. ಕನಿಷ್ಠ ಪಕ್ಷ ಕಾರಣ ಬರೆದುಕೊಡಿ, ಖುಲಾಸೆಯಾದ ಮೇಲೆ ಮತ್ತೆ ಸೇರಿಸಿಕೊಳ್ಳೋ ದಾರಿ ಇಡಿ. ಹಿಂದಿನ ಸಾಲಿನವರು ಆಗಲೇ ಕೈ ಎತ್ತಿದ್ದಾರೆ. ಕೇಳಿ ಸರ್, ಜಗಳಕ್ಕೆ ನಾನು ರೆಡಿ.