ಕೊನೆಯ ಮೂರು ಬಾಲ್ ಬಿಟ್ಟು ಬೇರೆ ಮಾತೇ ಬೇಡ

ನಮಸ್ಕಾರ. ಸ್ಟ್ರೇಟ್ ಪೂಲ್ ಅಂದ್ರೆ ಕೋಲಿನಿಂದ ಬಾಲ್ ಹೊಡೆದು ಟೇಬಲ್ ಪಾಕೆಟ್‌ಗೆ ಹಾಕೋ ಪೂಲ್ ಆಟದ ಒಂದು ಬಗೆ. ಅದರ ನಿಯಮಗಳ ನನ್ನ ವಿಡಿಯೊ ಕೆಳಗೆ ಒಬ್ಬರು ಬರೆದಿದ್ದಾರೆ: “ಯಾವ ಬಾಲ್ ಬೇಕಾದ್ರೂ ಹೊಡೀಬಹುದು, ಯಾವ ಪಾಕೆಟ್‌ಗೆ ಬೇಕಾದ್ರೂ ಹಾಕಬಹುದು, ಇದರಲ್ಲಿ ಕಲಿಯೋಕೆ ಏನಿದೆ ಗುರು? ಮಕ್ಕಳಾಟ.” ಅದರ ಕೆಳಗೆ “ಕರೆಕ್ಟ್, ಕರೆಕ್ಟ್” ಅನ್ನೋರ ಸಾಲು ಬೇರೆ.

ಅಲ್ಲ ರೀ. ಯಾವ ಬಾಲ್ ಬೇಕಾದ್ರೂ ಹೊಡೀಬಹುದು ಅನ್ನೋದೇ ಇಲ್ಲಿನ ಕಷ್ಟ. ಪೂಲ್‌ನ ಇನ್ನೊಂದು ಆಟ ನೈನ್ ಬಾಲ್‌ನಲ್ಲಿ ಮುಂದೆ ಯಾವುದು ಅಂತ ನಂಬರೇ ಹೇಳುತ್ತೆ. ಇಲ್ಲಿ ಯಾರೂ ಹೇಳಲ್ಲ, ನೀವೇ ಆರಿಸಬೇಕು. ಆರಿಸೋಕೆ ಬರದವರು ಎಂಟು ಬಾಲ್ ಚೆನ್ನಾಗಿ ಹಾಕಿ ಒಂಬತ್ತನೇದಕ್ಕೆ ದಾರಿಯಿಲ್ಲದೆ ನಿಲ್ತಾರೆ.

ಹೊಸಬರಿಗೆ ಬೇಗ ಹೇಳಿಬಿಡ್ತೀನಿ. 15 ಬಾಲ್, ಒಂದೊಂದಕ್ಕೂ 1 ಪಾಯಿಂಟ್. ಯಾವ ಬಾಲ್, ಯಾವ ಪಾಕೆಟ್ ಅಂತ ಮೊದಲೇ ಹೇಳಬೇಕು. 14 ಒಳಗೆ ಹೋದ ಮೇಲೆ ಕೊನೆಯದನ್ನ ಇದ್ದಲ್ಲೇ ಬಿಟ್ಟು, ಆ 14 ಅನ್ನು ಮತ್ತೆ ತ್ರಿಕೋನದಲ್ಲಿ ಜೋಡಿಸ್ತಾರೆ, ತುದಿಯ ಜಾಗ ಮಾತ್ರ ಖಾಲಿ. ಈ ಜೋಡಣೆಯೇ ರ‍್ಯಾಕ್. ಸತತ ಹಾಕ್ತಾ ಹೋಗಬೇಕಂದ್ರೆ ಆ ಉಳಿದ ಒಂದು ಬಾಲ್ ಪಾಕೆಟ್‌ಗೆ ಹೋಗಬೇಕು, ಅದೇ ಹೊಡೆತದಲ್ಲಿ ಕ್ಯೂ ಬಾಲ್, ಅಂದ್ರೆ ಕೋಲಿನಿಂದ ಹೊಡೆಯೋ ಬಿಳಿ ಬಾಲ್, ಹೋಗಿ ರ‍್ಯಾಕನ್ನ ಒಡೀಬೇಕು. ಅಮೆರಿಕದಲ್ಲಿ ಇದನ್ನ 14.1 ಅಂತಾರೆ. ಹೀಗೆ 100, 125 ಅಥವಾ 150ರ ತನಕ. ಫೌಲ್‌ಗೆ ಒಂದು ಪಾಯಿಂಟ್ ಕಟ್, ಸತತ ಮೂರು ಫೌಲ್ ಆದ್ರೆ ಮೇಲೆ ಇನ್ನೂ 15 ಕಟ್. ಮಿಕ್ಕ ನಿಯಮಕ್ಕೆ ಆ ಹಳೇ ವಿಡಿಯೊ ಇದೆ, ನೋಡಿ, ಸಬ್‌ಸ್ಕ್ರೈಬ್ ಕೂಡ ಆಗಿ.

ಈಗ ವಿಷಯಕ್ಕೆ ಬರ್ತೀನಿ. ಹದಿನೈದನೇದು ಬ್ರೇಕ್ ಬಾಲ್. ಹದಿನಾಲ್ಕನೇದು ಕೀ ಬಾಲ್. ಅದಕ್ಕೂ ಹಿಂದಿನದು ಕೀ ಬಾಲ್‌ಗೆ ದಾರಿ ಮಾಡಿಕೊಡೋ ಬಾಲ್. ಈ ಮೂರನ್ನ ಟೇಬಲ್ ಮೇಲೆ ಇನ್ನೂ ಆರೇಳು ಬಾಲ್ ಇರುವಾಗಲೇ ಗುರುತು ಮಾಡಬೇಕು. ಎಲ್ಲಾ ಹಾಕಿ ಮುಗಿಸಿ ಎರಡು ಉಳಿದಾಗ “ಈಗ ಬ್ರೇಕ್ ಬಾಲ್ ಯಾವುದು” ಅಂತ ನೋಡೋದು, ಬಸ್ ಹತ್ತಿ ಕೂತು ಟಿಕೆಟ್ ತಗೊಳ್ಳುವಾಗ ಯಾವ ಊರಿಗೆ ಅಂತ ಯೋಚನೆ ಮಾಡಿದ ಹಾಗೆ.

ಬ್ರೇಕ್ ಬಾಲ್ ಎಲ್ಲಿರಬೇಕು? ರ‍್ಯಾಕ್‌ನ ಪಕ್ಕದಲ್ಲಿ, ಅದರ ತ್ರಿಕೋನದ ಅಂಚಿನಿಂದ ಒಂದೆರಡು ಬಾಲ್ ಅಗಲ ಹೊರಗೆ, ಅದೇ ಬದಿಯ ಕೆಳ ಮೂಲೆ ಪಾಕೆಟ್‌ಗೆ ದಾರಿ ತೆರೆದಿರಬೇಕು. ಕ್ಯೂ ಬಾಲ್ ಎಲ್ಲಿರಬೇಕು? ಇಲ್ಲೇ ಎಲ್ಲರೂ ಎಡವೋದು. ಪಾಕೆಟ್‌ನಿಂದ ಬ್ರೇಕ್ ಬಾಲ್ ಮೂಲಕ ಒಂದು ಗೆರೆ ಎಳೆದು ಹಿಂದಕ್ಕೆ ಚಾಚಿ. ಕ್ಯೂ ಬಾಲ್ ಆ ಗೆರೆಗೂ ಟೇಬಲ್‌ನ ಪಕ್ಕದ ಉದ್ದ ಅಂಚಿನ ಕುಶನ್‌ಗೂ ನಡುವೆ ಇರಬೇಕು. ಆಗ ಬಾಲ್ ಹೊರಕ್ಕೆ ಕಟ್ ಆಗುತ್ತೆ, ಕ್ಯೂ ಬಾಲ್ ಒಳಕ್ಕೆ ತಿರುಗಿ ರ‍್ಯಾಕ್‌ಗೆ ನುಗ್ಗುತ್ತೆ. ಗೆರೆಯ ಆಚೆ ಬದಿಗೆ ಹೋಯ್ತಾ? ಬಾಲ್ ಪಾಕೆಟ್‌ಗೆ ಬೀಳುತ್ತೆ, ಕ್ಯೂ ಬಾಲ್ ರ‍್ಯಾಕ್ ಬಿಟ್ಟು ಕುಶನ್ ಕಡೆ ಓಡುತ್ತೆ. ಗೆರೆ ಮೇಲೇ ನಿಂತ್ರೆ ಅಂತೂ ನೇರ ಶಾಟ್, ಎಷ್ಟೇ ಜೋರಾಗಿ ಹೊಡೆದ್ರೂ ರ‍್ಯಾಕ್ ಅಲ್ಲಾಡಲ್ಲ. ಕೋನ ತೀರಾ ಹೆಚ್ಚಾದ್ರೆ ಬಾಲೇ ತಪ್ಪುತ್ತೆ. ಅರ್ಧ ಬಾಲ್ ಹೊಡೆತ, ಅಂದ್ರೆ 30 ಡಿಗ್ರಿ ಆಸುಪಾಸು, ಅಮೆಚೂರ್‌ಗೆ ಕೈಗೆ ಸಿಗೋ ಕೋನ.

ಈಗ ಕೀ ಬಾಲ್. ಇದನ್ನ ಎರಡು ಸಲ ಕೇಳಿಸ್ಕೊಳ್ಳಿ. ನೇರ ಶಾಟ್‌ನಲ್ಲಿ ಸ್ಟಾಪ್ ಹೊಡೆದ್ರೆ, ಆಬ್ಜೆಕ್ಟ್ ಬಾಲ್, ಅಂದ್ರೆ ನೀವು ಗುರಿಯಿಟ್ಟ ಬಾಲ್, ಇದ್ದ ಜಾಗದಲ್ಲೇ ಕ್ಯೂ ಬಾಲ್ ನಿಲ್ಲುತ್ತೆ. ಅಂದ್ಮೇಲೆ ಬ್ರೇಕ್ ಶಾಟ್‌ಗೆ ಕ್ಯೂ ಬಾಲ್ ಎಲ್ಲಿ ಬೇಕೋ, ಅಲ್ಲೇ ಈಗ ಕೂತಿರೋ ಬಾಲ್ ನಿಮ್ಮ ಕೀ ಬಾಲ್! ಸೈಡ್ ಪಾಕೆಟ್, ಅಂದ್ರೆ ಉದ್ದ ಬದಿಯ ನಡುವಿನ ಪಾಕೆಟ್, ಅದರ ಹತ್ತಿರ ಒಂದು ಸುಲಭದ ಬಾಲ್ ಇರುತ್ತಲ್ಲ, ಹೊಸಬರು ಮೊದಲು ಅದನ್ನೇ ಹಾಕಿಬಿಡ್ತಾರೆ. ಮುಟ್ಟಬೇಡಿ ಅದನ್ನ. ಎಷ್ಟೋ ರ‍್ಯಾಕ್‌ಗಳಲ್ಲಿ ಕೊನೆಗೆ ಕಾಪಾಡೋದು ಅದೇ. ಮೊದಲು ಕುಶನ್‌ಗೆ ಅಂಟಿದ್ದನ್ನ ತೆಗೀರಿ, ಗುಂಪಾಗಿರೋದನ್ನ ಬಿಡಿಸಿ. ಗುಂಪು ಒಡೆಯುವಾಗ ಏನೇ ಆದ್ರೂ ಹೊಡೆಯೋಕೆ ಸಿಗೋ ಒಂದು ಬಾಲ್ ಕೈಯಲ್ಲಿಟ್ಟುಕೊಂಡೇ ಒಡೀರಿ.

“ನಾವು ಸ್ನೂಕರ್ ಆಡೋರು, ಪೊಸಿಷನ್ ನಮಗೆ ಹೇಳ್ಕೊಡ್ಬೇಡಿ” ಅಂತ ಇನ್ನೊಬ್ಬರು. ಸ್ವಾಮಿ, ರೆಡ್ ಬಾಲ್ ಇರೋ ತನಕ ನಿಮ್ಮ ಬ್ಲ್ಯಾಕ್ ಬಾಲ್ ಪಾಟ್ ಆದ್ರೂ, ಅಂದ್ರೆ ಪಾಕೆಟ್‌ಗೆ ಬಿದ್ರೂ, ವಾಪಸ್ ಅದರ ಸ್ಪಾಟ್‌ಗೆ ಬರುತ್ತೆ. ಇಲ್ಲಿ ಕೀ ಬಾಲ್ ಅವಸರಕ್ಕೆ ಹಾಕಿದ್ರೆ ಅದು ವಾಪಸ್ ಬರಲ್ಲ. ಪಾಟಿಂಗ್ ನಿಮಗೆ ಚೆನ್ನಾಗಿ ಬರುತ್ತೆ, ಒಪ್ತೀನಿ. ಪೂಲ್ ಬಾಲ್ 2¼ ಇಂಚು, ಮೂಲೆ ಪಾಕೆಟ್‌ನ ಬಾಯಿ 4½ ಇಂಚು. ನಿಮಗೆ ಪಾಟಿಂಗ್ ಸಮಸ್ಯೆನೇ ಅಲ್ಲ. ಅದಕ್ಕೇ ಹೇಳ್ತಿರೋದು, ಕೊನೆಯ ಮೂರು ಬಾಲ್!

ಬೆಂಗಳೂರಿನವರಿಗಂತೂ ಇದನ್ನ ಹೇಳಬೇಕಾಗೇ ಇರಬಾರದು. ಪಂಕಜ್ ಅಡ್ವಾಣಿಯವರ ಬಿಲಿಯರ್ಡ್ಸ್ ಬ್ರೇಕ್, ಅಂದ್ರೆ ತಪ್ಪದೆ ಸತತ ಪಾಯಿಂಟ್ ಮಾಡೋದು, ನೋಡಿದ್ದೀರಲ್ಲ? ಬಾಲ್‌ಗಳು ದೂರ ಹೋಗೋದೇ ಇಲ್ಲ. ಮುಂದಿನದಕ್ಕೆ ಜಾಗ ಮಾಡಿಕೊಂಡೇ ಈಗಿನದು ಹೊಡೀತಾರೆ. ಆ ಬುದ್ಧಿನೇ ಇಲ್ಲೂ ಬೇಕಾಗಿರೋದು.

ಇನ್ನೊಂದು ಕಾಮೆಂಟ್: “ಜೋರಾಗಿ ಹೊಡೀರಿ ಬ್ರದರ್, ಏನೋ ಒಂದು ಬೀಳುತ್ತೆ.” ಏನೋ ಒಂದು ಬಿದ್ರೆ ಸಾಲದು, ಹೇಳಿದ ಬಾಲ್ ಬೀಳಬೇಕು. ಜೋರು ಹೆಚ್ಚಾದಷ್ಟೂ ಪಾಕೆಟ್ ಬಾಯಿ ಕಿರಿದಾಗುತ್ತೆ, ಎರಡೂ ದವಡೆಗೆ ಬಡಿದು ಬಾಲ್ ಈಚೆ ಬರುತ್ತೆ. ಎದುರಾಳಿಗೆ ಚೆಲ್ಲಿದ ರ‍್ಯಾಕ್ ಉಡುಗೊರೆ. ಈ ವಾದ ಇಲ್ಲಿಗೆ ಸಾಕು.

ಹಳೇ ದಾಖಲೆಗಳನ್ನೇ ತಗೊಳ್ಳಿ. ಅಮೆರಿಕದ ಆಟಗಾರ ವಿಲ್ಲಿ ಮೊಸ್ಕೋನಿ, 1954ರ ಮಾರ್ಚ್ 19, ಒಹಾಯೋದ ಸ್ಪ್ರಿಂಗ್‌ಫೀಲ್ಡ್, ಸತತ 526 ಬಾಲ್. 14ರಿಂದ ಭಾಗಿಸಿ: 37 ಸಲ ರ‍್ಯಾಕ್ ಮತ್ತೆ ಜೋಡಿಸಿದ್ದಾರೆ. ಅಂದ್ರೆ 37 ಸಲ ಬ್ರೇಕ್ ಬಾಲ್ ಸರಿಯಾದ ಜಾಗದಲ್ಲಿ, ಕ್ಯೂ ಬಾಲ್ ಸರಿಯಾದ ಬದಿಯಲ್ಲಿ. 2019ರಲ್ಲಿ ಜಾನ್ ಶ್ಮಿಟ್ 626 ಹೊಡೆದ್ರು, ಅಂದ್ರೆ 44 ಸಲ. ಅದೃಷ್ಟದಲ್ಲಿ ಯಾರಾದ್ರೂ 44 ಸಲ ಸರಿಯಾದ ಬದಿಗೆ ಬರ್ತಾರಾ? ಬರಲ್ಲ! ಅವರು ಕೀ ಬಾಲ್ ನೋಡ್ತಾರೆ, ನೀವು ನೋಡಲ್ಲ. ವ್ಯತ್ಯಾಸ ಅಷ್ಟೇ.

ಹಾಗಾದ್ರೆ ಅಭ್ಯಾಸ ಹೇಗೆ? ರ‍್ಯಾಕ್‌ನ ಗೆರೆ ಬಟ್ಟೆ ಮೇಲೆ ಪೆನ್ಸಿಲ್‌ನಲ್ಲಿ ಇರಲೇಬೇಕು, ಪಾರ್ಲರ್‌ನವರನ್ನ ಕೇಳಿ ಹಾಕಿಸಿ. ಹದಿನೈದನೇ ಬಾಲ್ ಆ ಗೆರೆಗೆ ಅಡ್ಡ ಬಂದ್ರೆ ಅದು ಟೇಬಲ್‌ನ ಆಚೆ ತುದಿಯ ಹೆಡ್ ಸ್ಪಾಟ್‌ಗೆ ಹೋಗುತ್ತೆ, ನಿಮ್ಮ ಬ್ರೇಕ್ ಶಾಟ್ ಮುಗೀತು. ಬ್ರೇಕ್ ಬಾಲ್ ಇಡಿ, ಸೈಡ್ ಪಾಕೆಟ್ ಹತ್ತಿರ ಕೀ ಬಾಲ್ ಇಡಿ, ಮೂರನೇದು ಎಲ್ಲಾದ್ರೂ ಇಡಿ. ಕ್ಯೂ ಬಾಲ್ ಕೈಯಲ್ಲಿ ಹಿಡಿದು ಶುರು ಮಾಡಿ. ಮೊದಲ ಶಾಟ್‌ನಲ್ಲಿ ಕೀ ಬಾಲ್‌ಗೆ ನೇರಕ್ಕೆ ಬರಬೇಕು, ಎರಡನೇದು ಸ್ಟಾಪ್, ಮೂರನೇದು ಬ್ರೇಕ್. ಸ್ಟಾಪ್ ಆದ ಮೇಲೆ ಕ್ಯೂ ಬಾಲ್ ಮುಂದಕ್ಕೆ ಉರುಳ್ತಿದ್ರೆ ನಿಮ್ಮ ಹೊಡೆತ ಮೇಲಕ್ಕೆ ಬೀಳ್ತಿದೆ, ಅಥವಾ ಮೆತ್ತಗಾಗಿ ಬಾಲ್ ಮುಟ್ಟೋ ಮುಂಚೆನೇ ಹಿಂದಿನ ಸ್ಪಿನ್ ಸವೆದು ಹೋಗ್ತಿದೆ. ದೂರ ಹೆಚ್ಚಾದಂತೆ ಇನ್ನೂ ಕೆಳಕ್ಕೆ ಹೊಡೀಬೇಕು. ಮೂರು ಬಾಲ್ ಕೂತ ಮೇಲೆ ಐದಕ್ಕೆ ಹೋಗಿ. ಪೂರ್ತಿ ರ‍್ಯಾಕ್ ಆಮೇಲೆ.

“ಬೋರ್ ಆಗುತ್ತೆ” ಅಂತೀರಾ? ಆಗಲಿ ಬಿಡಿ. ಎಂಟು ಬಾಲ್‌ಗೆ ನಿಲ್ಲೋದು ಬೋರ್ ಅಲ್ವಾ? “ಮೊದಲು ಪಾಟಿಂಗ್ ಪಕ್ಕಾ ಆಗಲಿ, ಆಮೇಲೆ ಇದೆಲ್ಲಾ” ಅಂತೀರಾ? ಇಲ್ಲ, ಇಲ್ಲ, ಆಮೇಲೆ ಅನ್ನೋದೇ ಇಲ್ಲ, ಇವತ್ತೇ! ಆ ಸೈಡ್ ಪಾಕೆಟ್ ಬಾಲ್ ಮುಟ್ಟಬೇಡಿ ಅಂದ್ರೆ ಮುಟ್ಟಬೇಡಿ. ಅಷ್ಟೇ!

ಒಂದು ಕೆಲಸ ಮಾಡಿ. ಮೈಸೂರಿರಲಿ, ಹುಬ್ಬಳ್ಳಿಯಿರಲಿ, ನ್ಯೂಜೆರ್ಸಿಯಿರಲಿ, ಮುಂದಿನ ಸಲ ಆಡುವಾಗ ಐದು ಬಾಲ್ ಉಳಿದ ತಕ್ಷಣ ಟೇಬಲ್‌ನ ಒಂದು ಫೋಟೊ ಮೇಲಿನಿಂದ ತೆಗೆದು ಚಾನೆಲ್‌ಗೆ ಕಳಿಸಿ. ಬ್ರೇಕ್ ಬಾಲ್ ಯಾವುದು, ಕೀ ಬಾಲ್ ಯಾವುದು, ಕ್ಯೂ ಬಾಲ್ ಗೆರೆಯ ಯಾವ ಬದಿಗೆ ಬರಬೇಕು, ಮೂರನ್ನೂ ಬರೆದೇ ಕಳಿಸಿ. ಸತತ ಎಷ್ಟು ಹಾಕಿದ್ರಿ ಅನ್ನೋದು ನನಗೆ ಬೇಡ.