ಹೊಸ ಕೆಲಸ, ಮೊದಲ ಸಹಿ

ಕೇಳುಗರಿಗೆ ನಮಸ್ಕಾರ.

ನನ್ನ ಮೊದಲ ಕೆಲಸದ ಮೂರನೇ ವಾರ. ಸಂಜೆ ಮನೆಗೆ ಹೊರಡುವ ಹೊತ್ತು. ನಮ್ಮ ಮೇಲಧಿಕಾರಿ ಸ್ಟಾಕ್ ರಿಜಿಸ್ಟರ್ ತಂದು ನನ್ನ ಮೇಜಿನ ಮೇಲಿಟ್ಟರು. "ಇಲ್ಲೊಂದು ಸಹಿ ಹಾಕಿಬಿಡಪ್ಪ" ಅಂದರು. 40 ಪೆಟ್ಟಿಗೆ ಮಾಲು ಬಂದಿದೆ ಎಂದು ಅದರಲ್ಲಿ ಬರೆದಿತ್ತು. ಒಂದು ಪೆಟ್ಟಿಗೆಯನ್ನೂ ನಾನು ಕಂಡಿರಲಿಲ್ಲ. ಕೇಳಿದೆ. "ನಾಳೆ ಬರುತ್ತೆ, ಎಲ್ಲರೂ ಹೀಗೇ ಹಾಕೋದು" ಎಂದು ನಕ್ಕರು. ನಾನು ಸಹಿ ಹಾಕಿದೆ.

ಮಾಲು ಮರುದಿನವೂ ಬರಲಿಲ್ಲ, ಅದರ ಮರುದಿನವೂ ಬರಲಿಲ್ಲ. ನಾಲ್ಕು ತಿಂಗಳಾದ ಮೇಲೆ ಆಡಿಟ್‌ನವರು ಬಂದರು. ಅದೇ ಅಧಿಕಾರಿ ನನ್ನೆದುರೇ ಹೇಳಿದರು: "ಹುಡುಗ ಹೊಸಬ, ನೋಡದೆ ಸಹಿ ಹಾಕಿದ್ದಾನೆ." ಆ ಮಾತು ಪೂರ್ತಿ ಸುಳ್ಳಾಗಿದ್ದರೆ ಜಗಳ ಆಡಬಹುದಿತ್ತು. ಸುಳ್ಳಾಗಿರಲಿಲ್ಲವಲ್ಲ!

ಇಂಥ ಕಾಗದ ಹೊಸಬರ ಮೇಜಿಗೇ ಯಾಕೆ ಬರುತ್ತೆ? ಹಳಬರು ಆಗಲೇ ಕೈ ಸುಟ್ಟುಕೊಂಡಿರುತ್ತಾರೆ, ಹತ್ತಿರ ಬರುವುದಿಲ್ಲ. ಹೊಸಬರಿಗೆ ಆಫೀಸಿನ ಪದ್ಧತಿ ಯಾವುದು, ಮೋಸ ಯಾವುದು ಇನ್ನೂ ಗೊತ್ತಿರುವುದಿಲ್ಲ. ಮೇಲಾಗಿ ಪ್ರೊಬೇಷನ್. ನಾಳೆ ಕೆಲಸ ಕಾಯಂ ಮಾಡುವ ಪತ್ರಕ್ಕೆ ಸಹಿ ಹಾಕಬೇಕಾದವರೂ ಅದೇ ಬಾಸ್.

ಆದರೆ ಹೊಸಬರಿಗೆ ಒಂದು ಅನುಕೂಲವೂ ಇದೆ. ಏನು ಕೇಳಿದರೂ ನಡೆಯುತ್ತೆ. "ಸರ್, ನಾನು ಹೊಸಬ, ತಪ್ಪು ಮಾಡಿಬಿಡ್ತೀನಿ. ಇದನ್ನೇ ಒಂದು ಸಾಲು ಮೇಲ್ ಹಾಕ್ತೀರಾ?" ಅಂತ ಕೇಳಿ. ಯಾರ ಮೇಲೂ ಆರೋಪ ಇಲ್ಲ, ದನಿ ಏರಿಸುವುದೂ ಇಲ್ಲ. ಕೆಲಸ ನೇರವಾಗಿದ್ದರೆ ಮೇಲ್ ಬರುತ್ತೆ. "ಇದನ್ನೆಲ್ಲ ಬರೆದು ಕೊಡೋಕಾಗುತ್ತಾ?" ಅಂದರೆ ನಿಮಗೆ ಉತ್ತರ ಸಿಕ್ಕಿತು, ಅಲ್ವಾ? ಆಗ ನೀವೇ ಬರೆಯಿರಿ: "ಇವತ್ತು ನೀವು ಹೇಳಿದ್ದನ್ನು ಹೀಗೆ ತಿಳಿದುಕೊಂಡಿದ್ದೇನೆ, ಸರಿಯೇ?" ಅದಕ್ಕೆ ಉತ್ತರ ಬರುವ ತನಕ ಪೆನ್ನು ಜೇಬಿನಲ್ಲೇ ಇರಲಿ.

"ಬಾಸ್ ಹೇಳಿದರು, ಮಾಡಿದೆ" ಅನ್ನುವ ಮಾತು ಎಷ್ಟು ದೂರ ಕಾಪಾಡುತ್ತೆ? ಅಮೆರಿಕದ ವರ್ಲ್ಡ್‌ಕಾಮ್ ಕಂಪನಿಯ ಲೆಕ್ಕಪತ್ರ ವಿಭಾಗದಲ್ಲಿ ಬೆಟ್ಟಿ ವಿನ್ಸನ್ ಎಂಬ ಮಹಿಳೆ ಇದ್ದರು. 2000ದಲ್ಲಿ, ಖರ್ಚು ಕಡಿಮೆ ತೋರಿಸುವ ಸುಳ್ಳು ಲೆಕ್ಕ ಬರೆಯಲು ಮೇಲಿನವರು ಹೇಳಿದರು. ಆಕೆಗೆ ಮನಸ್ಸು ಒಪ್ಪಲಿಲ್ಲ. ಕೆಲಸ ಬಿಡುವ ಯೋಚನೆಯನ್ನೂ ಮಾಡಿದರು. ಹಣಕಾಸು ಮುಖ್ಯಸ್ಥರು ಜವಾಬ್ದಾರಿ ತಮ್ಮದು ಎಂದು ಸಮಾಧಾನ ಹೇಳಿದರು. ಆಕೆ ಉಳಿದರು, ಬರೆಯುತ್ತಾ ಹೋದರು. 2002ರಲ್ಲಿ ಮೋಸ ಹೊರಬಿತ್ತು. 2005ರಲ್ಲಿ ಕಂಪನಿಯ ಮುಖ್ಯಸ್ಥನಿಗೆ 25 ವರ್ಷ ಶಿಕ್ಷೆಯಾಯಿತು, ನಿಜ. ಆದರೆ ಬೆಟ್ಟಿ ಅವರಿಗೂ ಐದು ತಿಂಗಳ ಜೈಲು ತಪ್ಪಲಿಲ್ಲ. ಈ ಕಥೆ ಓದಿದಾಗಲೆಲ್ಲ ನನಗೆ ಆ 40 ಪೆಟ್ಟಿಗೆ ನೆನಪಾಗುತ್ತೆ.

ಇನ್ನು ಟಿಪ್ಪಣಿ. ಏನಾದರೂ ಸರಿ ಕಾಣದಿದ್ದರೆ ಆ ದಿನವೇ ಬರೆದಿಡಿ. ತಾರೀಖು, ಹೊತ್ತು, ಜಾಗ, ಯಾರು ಇದ್ದರು, ಅವರು ಆಡಿದ ಮಾತು ಇದ್ದ ಹಾಗೇ. ನಿಮ್ಮ ಸಿಟ್ಟನ್ನು ಅಲ್ಲಿ ಸೇರಿಸಬೇಡಿ. ನಿಮ್ಮ ಸ್ವಂತ ಪುಸ್ತಕದಲ್ಲಿ ಬರೆಯಿರಿ, ಆಫೀಸಿನ ಕಂಪ್ಯೂಟರಿನಲ್ಲಿ ಬೇಡ. ಕೆಲಸ ಹೋದ ದಿನವೇ ಅದರ ಪಾಸ್‌ವರ್ಡೂ ಹೋಗುತ್ತೆ. ಹಾಗಂತ ಕಂಪನಿಯ ಫೈಲುಗಳನ್ನು ಸುಮ್ನೆ ಮನೆಯ ಮೇಲ್‌ಗೆ ಕಳಿಸಿಕೊಳ್ಳಬೇಡಿ. ಆಮೇಲೆ ವಿಚಾರಣೆ ನಿಮ್ಮ ಮೇಲೇ ತಿರುಗುತ್ತೆ. ತಡಮಾಡಿದರೆ ಇನ್ನೊಂದು ಕಷ್ಟ ಇದೆ. ಆರು ತಿಂಗಳಾದರೆ ನಮಗೂ ಅದೆಲ್ಲ ಮಾಮೂಲಿ ಅನ್ನಿಸಲು ಶುರುವಾಗುತ್ತೆ.

ಬಾಸ್ ಸಿಡುಕ, ಕೆಲಸ ಜಾಸ್ತಿ ಕೊಡುತ್ತಾರೆ ಅನ್ನುವುದು ಬೇರೆ. ಅದಕ್ಕೆ ಪುಸ್ತಕ ತೆರೆಯಬೇಕಿಲ್ಲ. ಆದರೆ ಕೈಕಾಲು ತಾಗಿಸುವುದು, ಅಸಹ್ಯ ಮಾತು, ರಾತ್ರಿ ಮೆಸೇಜು, ಎಲ್ಲರೆದುರು ಅವಮಾನ, ಇವಕ್ಕೆ ಕಾಯಬೇಡಿ. ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2019ರಲ್ಲಿ ಇದಕ್ಕೆಂದೇ 190ನೇ ಒಡಂಬಡಿಕೆ ಮಾಡಿತು. 2021ರಿಂದ ಅದು ಜಾರಿಯಲ್ಲಿದೆ. ಇಂಥ ವರ್ತನೆ ಒಂದೇ ಸಲ ನಡೆದರೂ ಅದು ಕಿರುಕುಳವೇ ಎಂದು ಅದು ಹೇಳುತ್ತೆ. ತರಬೇತಿಯಲ್ಲಿರುವವರು, ಕೆಲಸಕ್ಕೆ ಅರ್ಜಿ ಹಾಕಿದವರು ಕೂಡ ಅದರ ರಕ್ಷಣೆಗೆ ಬರುತ್ತಾರೆ. ಒಪ್ಪಿಕೊಂಡ ದೇಶಗಳು ಅದನ್ನು ತಮ್ಮ ಕಾನೂನಿಗೆ ತರಬೇಕು. "ನೀನಿನ್ನೂ ಕಾಯಂ ಆಗಿಲ್ಲ" ಅನ್ನುವ ಮಾತಿಗೆ ಅಲ್ಲಿ ಬೆಲೆಯಿಲ್ಲ.

ದೂರು ಯಾರಿಗೆ? ನೌಕರಿಗೆ ಸೇರಿದ ದಿನ ಕೊಟ್ಟ ನಿಯಮದ ಪುಸ್ತಕ ತೆಗೆಯಿರಿ. ನೇರ ಮೇಲಧಿಕಾರಿಯ ಮೇಲೇ ದೂರಿದ್ದರೆ ಎಲ್ಲಿಗೆ ಹೋಗಬೇಕು ಎಂದು ಅನೇಕ ಕಡೆ ಅದರಲ್ಲೇ ಇರುತ್ತೆ. ಎಚ್‌ಆರ್‌ನವರು, ಅಂದರೆ ಸಿಬ್ಬಂದಿ ವಿಭಾಗದವರು, ಕೇಳಿಸಿಕೊಳ್ಳುತ್ತಾರೆ, ಆದರೆ ಅವರಿಗೂ ಸಂಬಳ ಕೊಡುವುದು ಕಂಪನಿಯೇ. ಬರವಣಿಗೆಯಲ್ಲೇ ಕೊಡಿ, ತಲುಪಿದ್ದಕ್ಕೆ ಗುರುತು ಇಟ್ಟುಕೊಳ್ಳಿ.

ನನ್ನ ಎರಡನೇ ಕೆಲಸದಲ್ಲೂ ಇಂಥ ಒಂದು ಸಂಜೆ ಬಂತು. ಈ ಸಲ ಪ್ರಯಾಣದ ಬಿಲ್ಲು. ಹೋಗದ ಊರಿಗೆ ಹೋಗಿ ಬಂದ ಲೆಕ್ಕ. "ಸರ್, ಒಂದು ಸಾಲು ಮೇಲ್ ಹಾಕ್ತೀರಾ?" ಅಂದೆ. ಅವರು ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು. ಕಾಗದ ಮಡಚಿ ಜೇಬಿಗೆ ಹಾಕಿಕೊಂಡು ಹೋದರು. ಎರಡು ವಾರ ಮಾತಿಲ್ಲ. ಅಂಥ ಕಾಗದ ಮತ್ತೆ ನನ್ನ ಮೇಜಿಗೆ ಬರಲಿಲ್ಲ. ಕೆಲಸ ಕಾಯಂ ಆದ ಪತ್ರ ಮೂರು ತಿಂಗಳು ತಡವಾಗಿ ಬಂತು. ಯಾಕೆ ತಡ ಎಂದು ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ನಮಸ್ಕಾರ.