ರಾಣಿಯ ತೋಳಿನ ಗವಂತಿ

ಎಲ್ಲರಿಗೂ ನಮಸ್ಕಾರ. ವೇದಿಕೆ ಮೇಲಿರುವ ಹಿರಿಯರಿಗೆ, ನನಗೆ ಮಗ್ಗದ ಮುಂದೆ ಕೂರುವುದನ್ನು ಕಲಿಸಿದ ಮೇಡಂ ಅವರಿಗೆ ನಮಸ್ಕಾರ.

ಸೆಪ್ಟೆಂಬರ್‌ನಲ್ಲಿ ಜವಳಿ ಓದುತ್ತಿರುವ ನಿಮ್ಮಲ್ಲಿ ಆರು ಜನ ಒಂದು ಸೆಮಿಸ್ಟರ್ ಓದಲು ಇಟಲಿಗೆ ಹೊರಟಿದ್ದೀರಿ. ಅವರಿಗೆ ನಾಲ್ಕು ಮಾತು ಹೇಳಿ ಅಂತ ಕರೆದಿದ್ದಾರೆ. ಚೀಟಿಯಲ್ಲಿ ಏಳು ವಿಷಯ ಬರೆದುಕೊಂಡು ಬಂದಿದ್ದೇನೆ. ಕೊಟ್ಟಿರುವುದು ಅರ್ಧ ಗಂಟೆ. ಅದಕ್ಕೇ ನಿಜವಾಗಿ ಹೇಳಬೇಕಾದ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಅಲ್ಲಿ ಏನನ್ನೇ ನೋಡಿ, ಅದರ ಹಿಂಬದಿ ನೋಡದೆ ಬರಬೇಡಿ.

ಇದು ನನ್ನ ಮಾತಲ್ಲ, ನಮ್ಮ ಅಜ್ಜಿಯದು. ನಮ್ಮ ಅಜ್ಜಿ ಇದೇ ಧಾರವಾಡದಲ್ಲಿ ಐವತ್ತು ವರ್ಷ ಕಸೂತಿ ಹಾಕಿದವರು. ಚಂದ್ರಕಾಳಿ ಅನ್ನುವ ಕಪ್ಪು ಸೀರೆ ಮೇಲೆ ಗೋಪುರ, ತೇರು, ತುಳಸಿಕಟ್ಟೆ, ಆನೆ, ಗಿಳಿ ಎಲ್ಲಾ ಎಳೆ ಎಣಿಸಿಯೇ ಹಾಕುವುದು. ಬಟ್ಟೆ ಮೇಲೆ ಪೆನ್ಸಿಲ್ ಗೆರೆ ಹಾಕಿಕೊಂಡರೆ ಅವರಿಗೆ ಕೋಪ ಬರುತ್ತಿತ್ತು. ನಾನು ಹತ್ತು ವರ್ಷದವಳಿದ್ದಾಗ ಕಷ್ಟಪಟ್ಟು ಒಂದು ಗೋಪುರ ಮುಗಿಸಿ ಓಡಿ ಹೋಗಿ ತೋರಿಸಿದರೆ, ಅಜ್ಜಿ ಮುಂದಿನ ಬದಿ ನೋಡಲೇ ಇಲ್ಲ. ಬಟ್ಟೆ ತಿರುವಿ ಹಾಕಿ, ಕನ್ನಡಕ ಮೇಲೆ ಸರಿಸಿ, ಬೆರಳಲ್ಲಿ ಸವರಿದರು. "ಇಲ್ಲಿ ಗಂಟೈತಿ. ಬಿಚ್ಚು" ಅಂದರು. ಅಷ್ಟೇ. ಗವಂತಿ ಹೊಲಿಗೆ ಅಂದರೆ ಎರಡೂ ಬದಿ ಒಂದೇ ಥರ ಕಾಣಬೇಕು, ಗಂಟು ಇರಕೂಡದು. ಇದು ನಿಮಗೆಲ್ಲ ಗೊತ್ತಿರುವುದೇ. ಹೋಗುವಾಗ ಒಂದು ಎಳೆ ಬಿಟ್ಟು ಒಂದು ಎಳೆ, ಬರುವಾಗ ಬಿಟ್ಟಿದ್ದನ್ನೆಲ್ಲ ತುಂಬಿಕೊಂಡು ಬರೋದು.

2018ರ ಸೆಪ್ಟೆಂಬರ್‌ನಲ್ಲಿ ನಾನು ಓದಲು ಇಟಲಿಯ ಫ್ಲಾರೆನ್ಸ್‌ಗೆ ಹೋದೆ. ಚೀಲದಲ್ಲಿ ಎರಡು ಕೆಜಿ ಶೇಂಗಾ ಚಟ್ನಿ ಪುಡಿ ಇತ್ತು. ಅದು ಎಷ್ಟು ಉಪಕಾರ ಮಾಡಿತು ಅಂದರೆ, ಆ ಸೀಮೆಯಲ್ಲಿ ಬ್ರೆಡ್ಡಿಗೆ ಉಪ್ಪೇ ಹಾಕಲ್ಲ. ಟಸ್ಕನಿಯ ಬ್ರೆಡ್ ಸಪ್ಪೆ. ಮೊದಲ ವಾರ ಅಂಗಡಿಯವರು ಮರೆತಿರಬೇಕು ಅಂದುಕೊಂಡೆ. ಆಮೇಲೆ ತಿಳಿಯಿತು, ಅದೇ ಅವರ ಪದ್ಧತಿ. ಆ ಬ್ರೆಡ್ ಮೇಲೆ ಆಲಿವ್ ಎಣ್ಣೆ ಬಿಟ್ಟು, ನಮ್ಮ ಚಟ್ನಿ ಪುಡಿ ಉದುರಿಸಿ ತಿಂದು ನೋಡಿ. ನನ್ನ ರೂಮಿನಲ್ಲಿದ್ದ ಪೋಲೆಂಡ್ ಹುಡುಗಿ ನವೆಂಬರ್ ಹೊತ್ತಿಗೆ ಡಬ್ಬಿ ಬಚ್ಚಿಡುವಂತೆ ಮಾಡಿದಳು.

ಫ್ಲಾರೆನ್ಸ್ ಅಂದರೆ ಎಲ್ಲರಿಗೂ ಚಿತ್ರ, ಶಿಲ್ಪ, ದೊಡ್ಡ ಚರ್ಚಿನ ಆ ಗುಮ್ಮಟ. ನಾನೂ ಹಾಗೇ ತಲೆ ಎತ್ತಿಕೊಂಡು ತಿರುಗಿದೆ. ಆದರೆ ನಾವು ಬಟ್ಟೆಯವರು, ಅಲ್ವಾ? ಸ್ವಲ್ಪ ಹಿಂದೆ ತಿರುಗಿಸಿ ನೋಡಿದರೆ ಆ ಊರನ್ನು ಕಟ್ಟಿದ್ದೇ ಬಟ್ಟೆ. 1420ರಿಂದ 1436ರವರೆಗೆ ವಾಸ್ತುಶಿಲ್ಪಿ ಬ್ರುನೆಲೆಸ್ಕಿ ಆ ಗುಮ್ಮಟ ಎಬ್ಬಿಸಿದಾಗ ಕೆಲಸದ ಉಸ್ತುವಾರಿ ಇದ್ದದ್ದು ಉಣ್ಣೆ ಬಟ್ಟೆಯವರ ಸಂಘದ ಕೈಯಲ್ಲಿ. ಅದೇ ಬ್ರುನೆಲೆಸ್ಕಿ 1419ರಲ್ಲಿ ಶುರು ಮಾಡಿದ ಅನಾಥ ಮಕ್ಕಳ ಆಶ್ರಮಕ್ಕೆ ಬೆನ್ನಿಗೆ ನಿಂತದ್ದು ರೇಷ್ಮೆಯವರ ಸಂಘ.

ಓರ್ಸಾನ್‌ಮಿಕೇಲೆ ಅಂತ ಒಂದು ಚರ್ಚಿದೆ, ಮೊದಲು ಧಾನ್ಯದ ಸಂತೆ ನಡೆಯುತ್ತಿದ್ದ ಜಾಗ. ಅದರ ಹೊರಗೋಡೆಯ ಒಂದೊಂದು ಗೂಡಿನಲ್ಲಿ ಒಂದೊಂದು ಕಸುಬಿನವರು ತಮ್ಮ ಸಂತನ ಮೂರ್ತಿ ಇಡಿಸಿದ್ದಾರೆ. ನಾರುಬಟ್ಟೆ, ಅಂದರೆ ಲಿನನ್ ವ್ಯಾಪಾರಿಗಳು ಶಿಲ್ಪಿ ಡೊನಾಟೆಲ್ಲೊ ಕೈಯಲ್ಲಿ ಸಂತ ಮಾರ್ಕನನ್ನು ಮಾಡಿಸಿದರು. ಈಗ ಗೂಡಿನಲ್ಲಿರುವುದು ನಕಲು, ಅಸಲಿ ಮೇಲಿನ ಮಹಡಿಯ ಮ್ಯೂಸಿಯಂನಲ್ಲಿದೆ. ಹೋದರೆ ಮುಖ ಆಮೇಲೆ ನೋಡಿ, ಮೊದಲು ಕಾಲು ನೋಡಿ. ಆ ಸಂತ ಒಂದು ದಿಂಬಿನ ಮೇಲೆ ನಿಂತಿದ್ದಾನೆ! ಅಮೃತಶಿಲೆಯ ದಿಂಬು, ಅವನ ಭಾರಕ್ಕೆ ಕಾಲಿನ ಕೆಳಗೆ ಒತ್ತಿಕೊಂಡಿದೆ. ಬಟ್ಟೆ ವ್ಯಾಪಾರಿಗಳ ಸಂತ ಇನ್ನೆಲ್ಲಿ ನಿಲ್ಲಬೇಕು ಹೇಳಿ. ಮೈಮೇಲಿನ ನಿರಿಗೆ ನೋಡಿದರೆ ಎಲ್ಲಿ ಮೊಣಕಾಲು ಮಡಚಿದೆ, ಎಲ್ಲಿ ಬಟ್ಟೆ ಸುಮ್ನೆ ಇಳಿಬಿದ್ದಿದೆ ಅಂತ ಗೊತ್ತಾಗುತ್ತದೆ. ನಾನು ಅದನ್ನು ಬರೆದುಕೊಳ್ಳುತ್ತಾ ಮಧ್ಯಾಹ್ನದ ಕ್ಲಾಸ್ ತಪ್ಪಿಸಿದೆ. ನೀವು ತಪ್ಪಿಸಬೇಡಿ, ಮೇಡಂ ಇಲ್ಲೇ ಇದ್ದಾರೆ.

ಉಫೀತ್ಸಿ ಗ್ಯಾಲರಿಯಲ್ಲಿ ಬ್ರೊಂಜಿನೋ 1545ರಲ್ಲಿ ಬರೆದ ಒಂದು ಚಿತ್ರ ಇದೆ. ಫ್ಲಾರೆನ್ಸಿನ ದೊರೆ ಕೊಸಿಮೊನ ಹೆಂಡತಿ ಎಲಿಯೊನೊರಾ, ಪಕ್ಕದಲ್ಲಿ ಚಿಕ್ಕ ಮಗ. ಆಕೆ ಮುಖದಲ್ಲಿ ನಗು ಇಲ್ಲ. ಚಿತ್ರದಲ್ಲಿ ಮಾತಾಡುವುದು ಬಟ್ಟೆ. ಬಿಳಿ ರೇಷ್ಮೆ, ಅದರ ಮೇಲೆ ಕಪ್ಪು ವೆಲ್ವೆಟ್ ಬಳ್ಳಿ, ಎದೆ ಮಧ್ಯ ಜರಿಯ ದಾಳಿಂಬೆ. ನೇಯ್ದವನು ನೋಡಿದರೆ ಬೆನ್ನು ತಟ್ಟಬೇಕು, ಅಷ್ಟು ಸರಿಯಾಗಿ ಬರೆದಿದ್ದಾನೆ. 1562ರಲ್ಲಿ ಎಲಿಯೊನೊರಾ ತೀರಿಕೊಂಡಳು. ಅದೇ ದಿನಗಳಲ್ಲಿ ಇಬ್ಬರು ಮಕ್ಕಳೂ ಮಲೇರಿಯಾ ಜ್ವರದಲ್ಲಿ ಹೋದರು, ಈ ಚಿತ್ರದ ಹುಡುಗನೂ ಸೇರಿ. ಇದೇ ಬಟ್ಟೆಯಲ್ಲಿ ಆಕೆಯನ್ನು ಮಣ್ಣು ಮಾಡಿದರು ಅಂತ ಬಹಳ ಕಾಲ ಜನ ನಂಬಿದ್ದರು. ಸಮಾಧಿಯಿಂದ ಸಿಕ್ಕ ಬಟ್ಟೆಯನ್ನು ಪರೀಕ್ಷೆ ಮಾಡಿದಾಗ ಗೊತ್ತಾಯಿತು, ಚಿತ್ರದ ಬಟ್ಟೆ ಅದಲ್ಲ. ಇನ್ನೂ ಸರಳವಾದ ಸ್ಯಾಟಿನ್, ಅಂಚಿಗೆ ವೆಲ್ವೆಟ್ ಪಟ್ಟಿ. ಹತ್ತು ವರ್ಷ ಹಿಡಿಯಿತಂತೆ ಅದನ್ನು ಉಳಿಸಿಕೊಳ್ಳಲು.

ಅದು ಈಗ ನದಿಯ ಆಚೆ, ಪಿಟ್ಟಿ ಅರಮನೆಯ ಉಡುಪಿನ ಮ್ಯೂಸಿಯಂನಲ್ಲಿದೆ. ಮಂದ ಬೆಳಕಿನ ಕೋಣೆ, ಗಾಜಿನ ಪೆಟ್ಟಿಗೆ. ಬಣ್ಣ ಹೋಗಿ ಒಣಗಿದ ಎಲೆಯ ಥರ ಆಗಿದೆ, ಅಲ್ಲಲ್ಲಿ ಬಟ್ಟೆಯೇ ಇಲ್ಲ. ಬೆಳಿಗ್ಗೆ ಚಿತ್ರ ನೋಡಿ, ಸೇತುವೆ ದಾಟಿ ಮಧ್ಯಾಹ್ನ ಇದನ್ನು ನೋಡಿದೆ. ಚಿತ್ರ ನೋಡಿದಾಗ ಎಲಿಯೊನೊರಾ ನನಗೆ ಒಬ್ಬ ದೊರೆಸಾನಿ. ಇದನ್ನು ನೋಡಿದ ಮೇಲೆ, ನಲವತ್ತು ತುಂಬಿದ, ಎರಡು ಮಕ್ಕಳ ಜೊತೆ ಒಟ್ಟಿಗೆ ಹೋದ ಒಬ್ಬ ತಾಯಿ. ಬಟ್ಟೆ ಅಷ್ಟು ಹೇಳುತ್ತದೆ. ದಯವಿಟ್ಟು ಎರಡನ್ನೂ ಒಂದೇ ದಿನ ನೋಡಿ.

ಈಗ ನಾನು ಹೇಳಲೇಬೇಕಾದ ಕಥೆಗೆ ಬರುತ್ತೇನೆ. ನನ್ನ ಹತ್ತಿರ ಓದಿದವರು ಇದನ್ನು ಕೇಳಿದ್ದೀರಿ. ಇನ್ನೊಂದು ಸಲ ಕೇಳಿ.

ಡಿಸೆಂಬರ್‌ನಲ್ಲಿ ರಾತ್ರಿ ರೈಲು ಹತ್ತಿ ವಿಯೆನ್ನಾಗೆ ಹೋದೆ. ಮೊದಲ ಸಲ ಹಿಮ ನೋಡಿದ್ದು ಆ ರೈಲಿನ ಕಿಟಕಿಯಿಂದ, ಬೆಳಗಿನ ಜಾವ. ಅಲ್ಲಿ ಕುನ್‌ಸ್ಟ್‌ಹಿಸ್ಟೋರಿಶಸ್ ಅಂತ ಮ್ಯೂಸಿಯಂ. ಆ ಚಳಿಗಾಲ ಅಲ್ಲಿ ಚಿತ್ರಕಾರ ಬ್ರೂಗೆಲ್‌ನ ದೊಡ್ಡ ಪ್ರದರ್ಶನ ನಡೆದಿತ್ತು, ಜನ ಜಾತ್ರೆ ಥರ ಸೇರಿದ್ದರು. ನೂಕುನುಗ್ಗಲಿಗೆ ಬೇಸತ್ತು ಪಕ್ಕದ ಕೋಣೆಗಳ ಕಡೆ ಹೋದೆ. ಒಂದು ಕಡೆ ಯಾರೂ ಇರಲಿಲ್ಲ. ಗೋಡೆ ಮೇಲೆ ಒಂದು ಸಣ್ಣ ಚಿತ್ರ, ಎರಡು ಅಡಿಗಿಂತ ಸ್ವಲ್ಪ ಎತ್ತರ. ಓಕ್ ಮರದ ಹಲಗೆ ಮೇಲೆ ಬರೆದದ್ದು. ಕೆಂಪು ವೆಲ್ವೆಟ್ ಉಟ್ಟ ಹೆಂಗಸು, ತುಟಿ ಬಿಗಿ ಹಿಡಿದು, ಹೊಟ್ಟೆ ಮೇಲೆ ಕೈ ಕಟ್ಟಿ ನಿಂತಿದ್ದಾಳೆ. ಇಂಗ್ಲೆಂಡಿನ ಎಂಟನೇ ಹೆನ್ರಿಯ ಮೂರನೇ ರಾಣಿ, ಜೇನ್ ಸೀಮೋರ್. 1536ರ ಸುಮಾರಿಗೆ ಹಾನ್ಸ್ ಹೋಲ್ಬೈನ್ ಬರೆದ ಚಿತ್ರ.

ನಾನು ಒಡವೆ ನೋಡಿದೆ, ಮುತ್ತು ನೋಡಿದೆ. ಆಮೇಲೆ ಕಣ್ಣು ಮುಂಗೈಗೆ ಇಳಿಯಿತು. ಕೆಂಪು ತೋಳಿನ ಕೊನೆಗೆ ಬಿಳಿ ನಾರುಬಟ್ಟೆಯ ನಿರಿಗೆ. ಅದರ ಮೇಲೆ ಕಪ್ಪು ದಾರದ ಕೆಲಸ. ಸಣ್ಣ ಸಣ್ಣ ಗೆರೆ, ಎಳೆ ಹಿಡಿದು ಹೋದ ಗೆರೆ. ಹತ್ತಿರ ಹೋದೆ. ಇನ್ನೂ ಹತ್ತಿರ ಹೋದೆ. ಕಾವಲಿನ ಹೆಂಗಸು ಕೆಮ್ಮಿದಳು. ಹಿಂದೆ ಸರಿದೆ. ಎದೆ ಹೊಡೆದುಕೊಳ್ಳುತ್ತಿತ್ತು ಅಂದರೆ ನಂಬಿ. ಅದು ಗವಂತಿ! ನಮ್ಮ ಮನೆಯ ಪಡಸಾಲೆಯಲ್ಲಿ, ಬಾಗಿಲ ಬೆಳಕಿಗೆ ಕೂತು ಅಜ್ಜಿ ಹಾಕುವ ಹೊಲಿಗೆ. ಬೇರೆ ದಾರ, ಬೇರೆ ಬಟ್ಟೆ, ಅದೇ ಕೈಚಳಕ.

ಕಣ್ಣೊರೆಸಿಕೊಂಡು ಫೋನ್ ತೆಗೆದೆ. ಫ್ಲ್ಯಾಶ್ ಹಾಕದೆ ಫೋಟೊ ತೆಗೆಯಬಹುದು. ಮುಂಗೈ ಒಂದನ್ನೇ ತೆಗೆದು ತಮ್ಮನಿಗೆ ಕಳಿಸಿದೆ, ಅಜ್ಜಿಗೆ ತೋರಿಸು ಅಂದೆ. ಐದು ನಿಮಿಷಕ್ಕೆ ಅಜ್ಜಿಯದೇ ಫೋನ್ ಬಂತು. ಕಾರಿಡಾರಿಗೆ ಓಡಿದೆ.

"ಯಾರ್ದವಾ ಈ ಕೈ?"

"ರಾಣಿದು, ಅಜ್ಜಿ. ಐದುನೂರು ವರ್ಷದ ಹಿಂದಿಂದು."

"ಕೆಲಸ ಚಲೋ ಐತಿ. ಹಿಂದ ಹೆಂಗೈತಿ?"

ನನಗೆ ಏನು ಹೇಳಬೇಕೋ ತೋಚಲಿಲ್ಲ. ಚಿತ್ರಕ್ಕೆ ಹಿಂಬದಿ ಎಲ್ಲಿಂದ ತರಲಿ? "ಇದು ಚಿತ್ರ ಅಜ್ಜಿ" ಅಂದೆ. "ನಿರಿಗಿ ಐತೆಲ್ಲ, ಹೋಗಿ ನೋಡು" ಅಂದು ಫೋನ್ ಇಟ್ಟರು.

ವಾಪಸ್ ಹೋಗಿ ನೋಡಿದೆ. ನಿರಿಗೆ ಅಂದಮೇಲೆ ಬಟ್ಟೆ ಹೊರಳುತ್ತದೆ, ಒಳಬದಿಯೂ ಕಾಣುತ್ತದೆ. ಒಂದು ಬದಿಗೆ ಮಾತ್ರ ಚೆಂದ ಇರುವ ಹೊಲಿಗೆ ಅಲ್ಲಿ ನಡೆಯಲ್ಲ. ಅದಕ್ಕೇ ಆ ಕಾಲದ ಹೆಂಗಸರು ತೋಳಿಗೆ, ಕೊರಳಿಗೆ ಎರಡೂ ಬದಿ ಒಂದೇ ಥರ ಬರುವ ಹೊಲಿಗೆ ಹಿಡಿದರು. ಅಜ್ಜಿ ಯುರೋಪು ನೋಡಿಲ್ಲ, ಹೋಲ್ಬೈನ್ ಹೆಸರು ಕೇಳಿಲ್ಲ. ಒಂದು ನಿರಿಗೆ ನೋಡಿ ಇದನ್ನು ಹೇಳಿದರು. ಈ ಹೊಲಿಗೆಗೆ ಇಂಗ್ಲಿಷಿನಲ್ಲಿ ಹೋಲ್ಬೈನ್ ಸ್ಟಿಚ್ ಅಂತಲೇ ಹೆಸರಿದೆ. ಅಂದರೆ ಹೊಲಿದವಳ ಹೆಸರಲ್ಲ, ಚಿತ್ರ ಬರೆದವನ ಹೆಸರು! ಅದು ನನಗೆ ಇವತ್ತಿಗೂ ಬೇಜಾರು.

ಕಸೂತಿ ಅಲ್ಲಿಂದ ಇಲ್ಲಿಗೆ ಬಂತು, ಇಲ್ಲಿಂದ ಅಲ್ಲಿಗೆ ಹೋಯಿತು ಅಂತ ನಾನು ಹೇಳುತ್ತಿಲ್ಲ. ಎಳೆ ಎಣಿಸಬಹುದಾದ ಬಟ್ಟೆ, ಒಂದು ಸೂಜಿ, ಎರಡೂ ಬದಿ ಚೆಂದ ಕಾಣಬೇಕೆಂಬ ಹಟ. ಇಷ್ಟಿದ್ದರೆ ಬೇರೆ ಬೇರೆ ಊರಿನ ಕೈಗಳು ಒಂದೇ ದಾರಿ ಹಿಡಿಯುತ್ತವೆ. ನನಗೆ ಅದೇ ದೊಡ್ಡ ಸಂತೋಷ. ನಮ್ಮ ಹುಡುಗರು ಅಲ್ಲಿಗೆ ಹೋಗಿ 'ಅಬ್ಬಾ' ಅಂತ ಬಾಯಿ ಬಿಟ್ಟು ನಿಲ್ಲುತ್ತಾರೆ. ನಿಲ್ಲಬೇಕು, ನಿಲ್ಲುವಂಥದ್ದು ಬಹಳ ಇದೆ. ಆದರೆ ನಿಮ್ಮ ಮನೆಯಲ್ಲಿ ಕಲಿತ ಕಣ್ಣು ಬಿಟ್ಟು ಹೋಗಬೇಡಿ. ಇಳಕಲ್ಲಿನವರು ಸೆರಗಿನ ಹಾಸಿನ ಎಳೆಗೆ ಒಡಲಿನ ಹಾಸಿನ ಎಳೆಯನ್ನು ಕೊಂಡಿ ಹಾಕಿ ಸೇರಿಸುತ್ತಾರಲ್ಲ, ಅದು ಗೊತ್ತಿರುವವರಿಗೆ ಅಲ್ಲಿನ ಮಗ್ಗದ ಮುಂದೆ ಕೇಳಲು ಪ್ರಶ್ನೆ ಇರುತ್ತದೆ.

ಹಿಂಬದಿ ಅಂದೆನಲ್ಲ, ಅದು ಚೆಂದವಾಗಿಯೇ ಇರಬೇಕು ಅಂತ ಏನಿಲ್ಲ. ಫ್ಲಾರೆನ್ಸಿನಿಂದ ಲೋಕಲ್ ರೈಲಿನಲ್ಲಿ ಅರ್ಧ ಗಂಟೆ ಹೋದರೆ ಪ್ರಾಟೊ ಊರು. ಹಳೇ ಗಿರಣಿಯಲ್ಲಿ ಒಳ್ಳೆಯ ಜವಳಿ ಮ್ಯೂಸಿಯಂ ಇದೆ, ನೋಡಿ. ಆ ಊರು ಬೆಳೆದದ್ದು ಚಿಂದಿಯಿಂದ. ಹಳೇ ಸ್ವೆಟರು, ಕೋಟು ತಂದು, ಬಣ್ಣ ಬಣ್ಣ ಬೇರೆ ಮಾಡಿ, ಹರಿದು, ಹಿಂಜಿ, ಮತ್ತೆ ನೂಲು ಮಾಡುತ್ತಾರೆ. ಬಣ್ಣದ ಪ್ರಕಾರ ವಿಂಗಡಿಸುವುದರಿಂದ ಹೊಸದಾಗಿ ಬಣ್ಣ ಹಾಕುವ ಕೆಲಸ ಕಮ್ಮಿ. ನಮ್ಮ ಪಾಣಿಪತ್‌ನಲ್ಲೂ ಇದೇ ಕಸುಬು ಇದೆ. ಅದೇ ಪ್ರಾಟೊದಲ್ಲಿ 2013ರ ಡಿಸೆಂಬರ್ 1ರಂದು ಒಂದು ಬಟ್ಟೆ ಹೊಲಿಯುವ ಕಾರ್ಖಾನೆಗೆ ಬೆಂಕಿ ಬಿತ್ತು. ಏಳು ಜನ ಚೀನಾದ ಕೆಲಸಗಾರರು ಸತ್ತರು. ಕೆಲಸ ಮಾಡುವ ಜಾಗದಲ್ಲೇ ಮಲಗುತ್ತಿದ್ದರು ಅವರು. ಫ್ಲಾರೆನ್ಸಿನ ಅಂಗಡಿ ಬೀದಿಯಲ್ಲಿ ಗಾಜಿನ ಹಿಂದಿನ ಜಾಕೆಟ್ ನೋಡುವಾಗ ನನಗೆ ಆ ಊರು ನೆನಪಾಗುತ್ತಿತ್ತು. ನಿಮಗೂ ನೆನಪಾಗಲಿ ಅಂತ ಹೇಳುತ್ತಿದ್ದೇನೆ.

ಹತ್ತು ನಿಮಿಷ ಇದೆ ಅಂತ ಚೀಟಿ ಬಂದಿದೆ. ಏಳರಲ್ಲಿ ಮೂರು ಆಗಿದೆ. ಬೇಗ ಬೇಗ ಹೇಳುತ್ತೇನೆ.

ಫೆರಗಾಮೊ ಅಂತ ಚಪ್ಪಲಿ ಮಾಡುವವನೊಬ್ಬನಿದ್ದ, ಫ್ಲಾರೆನ್ಸಿನಲ್ಲಿ ಅವನ ಚಪ್ಪಲಿ ಮ್ಯೂಸಿಯಂ ಬಿಡಬೇಡಿ. ಇಥಿಯೋಪಿಯಾ ಮೇಲೆ ದಾಳಿ ಮಾಡಿದ್ದಕ್ಕೆ 1935ರಲ್ಲಿ ಇಟಲಿ ಮೇಲೆ ನಿರ್ಬಂಧ ಬಿತ್ತು, ಒಳ್ಳೆ ಉಕ್ಕು ಸಿಗದಾಯಿತು. ಹಿಮ್ಮಡಿ ಎತ್ತರಿಸಿದ ಚಪ್ಪಲಿಗೆ ಒಳಗೆ ಆಧಾರಕ್ಕೆ ಉಕ್ಕಿನ ಪಟ್ಟಿ ಬೇಕು. ಆತ ಹಿಮ್ಮಡಿಯಿಂದ ಬೆರಳವರೆಗೆ ಪೂರ್ತಿ ಜಾಗಕ್ಕೆ ಕಾರ್ಕ್ ಬೆಂಡು ತುಂಬಿದ. ನೀವು ಇವತ್ತು ಹಾಕಿಕೊಳ್ಳುವ ವೆಡ್ಜ್ ಚಪ್ಪಲಿ ಹಾಗೆ ಬಂದದ್ದು. ಅದರದ್ದೂ ಅಡಿ ನೋಡಿ.

ಕಾಗದಪತ್ರ. ಇಳಿದ ಎಂಟು ಕೆಲಸದ ದಿನದೊಳಗೆ ವಾಸದ ಪರವಾನಗಿಗೆ ಅರ್ಜಿ ಹಾಕಬೇಕು. ಅಂಚೆ ಕಚೇರಿಯಲ್ಲಿ ಲಕೋಟೆ ಕೊಡುತ್ತಾರೆ. ಬೆಳಿಗ್ಗೆಯೇ ಹೋಗಿ, ಜೊತೆಗೆ ತಿಂಡಿ ಇಟ್ಟುಕೊಳ್ಳಿ. ಲೋಕಲ್ ರೈಲಿನ ಕಾಗದದ ಟಿಕೆಟ್ ತೆಗೆದರೆ ಸಾಲದು, ಹತ್ತುವ ಮುಂಚೆ ಪ್ಲಾಟ್‌ಫಾರ್ಮಿನ ಯಂತ್ರದಲ್ಲಿ ಮುದ್ರೆ ಹಾಕಿಸಬೇಕು. ಇಲ್ಲದಿದ್ದರೆ ದಂಡ. ತಿಂಗಳ ಮೊದಲ ಭಾನುವಾರ ಸರ್ಕಾರಿ ಮ್ಯೂಸಿಯಂಗಳು ಪುಕ್ಕಟೆ, ಗದ್ದಲ ಜಾಸ್ತಿ.

ದುಡ್ಡಿನ ವಿಷಯ ಒಂದೇ ಮಾತು. ನಮ್ಮಪ್ಪ ಸಾಲ ಮಾಡಿ ಕಳಿಸಿದ್ದರು. ಅದಕ್ಕೇ ಹದಿನೈದು ಊರು ಓಡಾಡುವ ಆಸೆ ಬಿಟ್ಟು ಮೂರೇ ಊರು ನೋಡಿದೆ. ವಿಯೆನ್ನಾದಲ್ಲಿ ಎರಡನೇ ದಿನವೂ ಅದೇ ಚಿತ್ರದ ಮುಂದೆ ನಿಂತಿದ್ದೆ, ತೋಳಿನ ಹೊಲಿಗೆಯ ಮನೆಗಳನ್ನು ಎಣಿಸಿ ಗ್ರಾಫ್ ಹಾಳೆ ಮೇಲೆ ಇಳಿಸಿಕೊಂಡೆ. ಉಳಿದ ಒಂದು ವಿಷಯ ಚಹಾ ಹೊತ್ತಿಗೆ ಕೇಳಿ, ಹೇಳುತ್ತೇನೆ.

ಆ ಹಾಳೆ ನೋಡಿಕೊಂಡು ವಾಪಸ್ ಬಂದ ಮೇಲೆ ಒಂದು ಕರವಸ್ತ್ರದ ಅಂಚಿಗೆ ರಾಣಿಯ ತೋಳಿನ ಗವಂತಿ ಹಾಕಿದೆ. ತಂದಿದ್ದೇನೆ. ಅಜ್ಜಿ ಇದನ್ನು ಮೂರು ಸಲ ಬಿಚ್ಚಿಸಿದ್ದಾರೆ, ನಾಲ್ಕನೇ ಸಲ ಏನೂ ಅನ್ನಲಿಲ್ಲ. ಈ ಕಡೆ ಸಾಲಿನಿಂದ ದಾಟಿಸುತ್ತಾ ಹೋಗಿ. ಮುಟ್ಟಿ ನೋಡಬಹುದು. ಮಿರ್ಚಿ ಭಜಿ ತಿಂದವರು ಮೊದಲು ಕೈ ತೊಳೆದು ಬನ್ನಿ.